ಶಾಂತಾಬೆನ್ ಮನೆಯ ಸೀಲಿಂಗ್ ಫ್ಯಾನು

ಹಜೀರಾದ ಕಂಪನಿ ಕಾಲೋನಿಯಲ್ಲಿ ಅವಳಿಗೆ ‘ಅರ್ಜಿ ಕಾಮಾಕ್ಷಿ’ ಅಂತ ಹೆಸರು ಬಿದ್ದಿತ್ತು. ಹೆಸರಿಟ್ಟವರು ಹೊರಗಿನವರಾಗಿದ್ದರೆ ಅವರ ಮೇಲೂ ಒಂದು ಅರ್ಜಿ ಹೋಗುತ್ತಿತ್ತೇನೋ. ಇಟ್ಟವನು ಕಟ್ಟಿಕೊಂಡ ಗಂಡ ಸುಬ್ರಹ್ಮಣ್ಯ, ಏನು ಮಾಡುವುದು! ನಲ್ಲಿಯಲ್ಲಿ ಉಪ್ಪುನೀರು ಬಂತೋ, ಅರ್ಜಿ. ಟೆಲಿಫೋನು ಮೂರು ದಿನ ಸತ್ತು ಬಿದ್ದಿತೋ, ಅರ್ಜಿ. ಮಗಳು ಸಿಂಚನಾಳ ಸ್ಕೂಲ್ ಬಸ್ಸು ಹತ್ತು ನಿಮಿಷ ತಡವಾಯಿತೋ, ಕಾರ್ಬನ್ ಪೇಪರ್ ಇಟ್ಟು ಮೂರು ಪ್ರತಿ ಅರ್ಜಿ. ತಿಪಟೂರಿನ ಹೆಡ್‌ಮಾಸ್ಟರ ಮಗಳು, ಬಿ.ಎ. ಓದಿದವಳು, ಇಂಗ್ಲಿಷಿನಲ್ಲಿ ಒಂದು ಕಾಮಾ ತಪ್ಪದೆ ಬರೆಯುವವಳು. ಗಂಡನಿಗೆ ಅನಿಲ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ವಡೋದರಾದಲ್ಲಿ ಐದು ವರ್ಷ, ಅಲ್ಲಿಂದ ವರ್ಗವಾಗಿ ಸೂರತ್ತಿನ ಈ ಸಮುದ್ರದ ಮೂಲೆಗೆ ಬಂದು ಆರು ವರ್ಷ. ಊರು ಬದಲಾಯಿತು, ಕ್ವಾರ್ಟರ್ಸ್ ಬದಲಾಯಿತು, ಅವಳ ಸಿಟ್ಟು ಮಾತ್ರ ಎಲ್ಲ ಕಡೆಗೂ ಜೊತೆಗೇ ಬಂತು.

ಅನ್ಯಾಯ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು, ಅದು ನಿಜ. ಅನ್ಯಾಯ ಸಿಗದ ದಿನ ಅವಳೇ ಹುಡುಕಿಕೊಂಡು ಹೋಗುತ್ತಿದ್ದಳು ಅನ್ನುವುದು ಸುಬ್ರಹ್ಮಣ್ಯನ ದೂರು. ಆದರೆ ೧೯೯೮ರ ಮಾರ್ಚಿನಲ್ಲಿ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅನ್ಯಾಯ ತಾನಾಗಿ ಬಂದು ಅವಳ ಅಡುಗೆಮನೆಯಲ್ಲೇ ಬಿತ್ತು. ಮನೆಗೆಲಸದ ಶಾಂತಾಬೆನ್ ನೆಲ ಒರೆಸುತ್ತಾ ಒರೆಸುತ್ತಾ ಫ್ರಿಜ್ಜಿನ ಪಕ್ಕಕ್ಕೆ ದೊಪ್ಪನೆ ವಾಲಿ ಬಿದ್ದಳು. ಬಕೆಟ್ಟು ಉರುಳಿ ನೀರೆಲ್ಲ ಹಾಲ್ ತನಕ ಹರಿಯಿತು.

ಕಾಮಾಕ್ಷಿ ಒಲೆ ಆರಿಸಿ ಓಡಿಬಂದು ಅವಳ ಮುಖಕ್ಕೆ ನೀರು ಚಿಮುಕಿಸಿದಳು. ಅವಳ ಗುಜರಾತಿ ಅಂದರೆ ಅರ್ಧ ಹಿಂದಿ, ಕಾಲು ಗುಜರಾತಿ, ಉಳಿದ ಕಾಲು ಸಿಟ್ಟು ಬಂದಾಗ ತಾನಾಗಿ ಹೊರಬೀಳುವ ತಿಪಟೂರು ಕನ್ನಡ. ಆರು ವರ್ಷದಿಂದ ಶಾಂತಾ ಮೂರನ್ನೂ ಅರ್ಥ ಮಾಡಿಕೊಳ್ಳುತ್ತಿದ್ದಳು. ಆ ಕಡೆ ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಅಂತಲೇ ಕರೆಯುವುದು.

“ಏನಾಯ್ತೇ? ಜ್ವರಾನಾ?”

“ಏನಿಲ್ಲ ಬೆನ್. ಬಿಸಿಲು.”

“ಅಡುಗೆಮನೆ ಒಳಗೆ ಎಲ್ಲಿಂದ ಬಂತು ಬಿಸಿಲು? ನಿಜ ಹೇಳು. ಬೆಳಿಗ್ಗೆ ಏನು ತಿಂದೆ?”

“ಚಾ ಕುಡಿದೆ.”

“ನಿನ್ನೆ ರಾತ್ರಿ?”

ಶಾಂತಾ ಎದ್ದು ಚೆಲ್ಲಿದ ನೀರು ಬಳಿಯಲು ಹೋದಳು. ಕಾಮಾಕ್ಷಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು.

“ನಿನ್ನೆ ಆರು ಚಪಾತಿ ಕಟ್ಟಿಕೊಟ್ಟಿದ್ದೆನಲ್ಲ, ಏನಾಯ್ತು?”

“ಹುಡುಗಿಯರು ತಿಂದರು ಬೆನ್.”

ಹುಡುಗಿಯರು ಮೂವರು. ಮೇಲೆ ಅತ್ತೆ. ಗಂಡ ಲಾರಿಗೆ ಮಾಲು ತುಂಬುವವನು. ಎರಡು ವರ್ಷದ ಹಿಂದೆ ಕಬ್ಬಿಣದ ಪೈಪು ಬೆನ್ನಿಗೆ ಬಡಿದು ಆವತ್ತಿನಿಂದ ಮಂಚ ಹಿಡಿದಿದ್ದ. ಇಷ್ಟು ಕಾಮಾಕ್ಷಿಗೆ ಗೊತ್ತಿತ್ತು. ಗೊತ್ತಿಲ್ಲದ ಸಂಗತಿ ಈಗ ಉಪ್ಪಿಟ್ಟಿನ ತಟ್ಟೆಯ ಮುಂದೆ ಹೊರಬಿತ್ತು. ಬಡವರಿಗೆ ಅಗ್ಗದಲ್ಲಿ ಗೋಧಿ, ಅಕ್ಕಿ ಕೊಡುವ ಕಾರ್ಡಿಗೆ ಸರ್ಕಾರ ಹೊಸ ಪಟ್ಟಿ ಮಾಡಿತ್ತು. ಪಟ್ಟಿಯಲ್ಲಿದ್ದವರಿಗೆ ಅರ್ಧ ಬೆಲೆ. ಇಲ್ಲದವರಿಗೆ ಹೆಚ್ಚೂಕಮ್ಮಿ ಅಂಗಡಿಯ ಬೆಲೆ. ಶಾಂತಾಳ ಹೆಸರು ಪಟ್ಟಿಯಲ್ಲಿರಲಿಲ್ಲ. ಎರಡು ತಿಂಗಳಿಂದ ಆ ಮನೆಯಲ್ಲಿ ದಿನಕ್ಕೆ ಒಂದೇ ಸಲ ಒಲೆ ಹಚ್ಚುತ್ತಿದ್ದರು.

“ನಾವು ಬಡವರಲ್ಲವಂತೆ ಬೆನ್,” ಅಂದಳು ಶಾಂತಾ. ಅರ್ಧ ಉಪ್ಪಿಟ್ಟು ತಿಂದು ಉಳಿದರ್ಧಕ್ಕೆ ಪ್ಲಾಸ್ಟಿಕ್ ಕವರು ಕೇಳಿದಳು.

“ಮೊದಲು ನೀನು ತಿನ್ನೇ ಮಹರಾಯಿತಿ! ಹುಡುಗಿಯರಿಗೆ ಬೇರೆ ಕಟ್ಟಿಕೊಡ್ತೀನಿ. ಬಡವರಲ್ಲವಂತೆ! ಯಾವನು ಹೇಳಿದ್ದು?”

“ತಲಾಟಿ.”

ನಮ್ಮ ಕಡೆ ಹಿಂದೆ ಶಾನುಭೋಗರು ಅನ್ನುತ್ತಿದ್ದರಲ್ಲ, ಗುಜರಾತಿನ ಹಳ್ಳಿಗಳಲ್ಲಿ ಆ ಜಾಗದಲ್ಲಿ ಕೂತವನು ತಲಾಟಿ. ಕಿಟಕಿಯಾಚೆ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಹೆಚ್ಚಾದ ಅನಿಲ ಎಂದಿನಂತೆ ಭಗಭಗ ಉರಿದುಹೋಗುತ್ತಿತ್ತು. ಇಷ್ಟು ಬೆಂಕಿ ಸುಮ್ಮನೆ ಆಕಾಶಕ್ಕೆ ಹೋಗುವ ಊರಿನಲ್ಲಿ ಒಬ್ಬಳ ಮನೆಯ ಒಲೆ ದಿನಕ್ಕೆ ಒಂದೇ ಸಲ ಹತ್ತುತ್ತದೆ ಅಂದರೆ ಅದಕ್ಕೆ ಯಾರಾದರೂ ಉತ್ತರ ಕೊಡಬೇಕು ಅಂತ ಕಾಮಾಕ್ಷಿಗೆ ಅನ್ನಿಸಿತು. ಸಂಜೆ ಗಂಡ ಬರುವಷ್ಟರಲ್ಲಿ ಅರ್ಜಿ ತಯಾರಾಗಿತ್ತು. ಐದು ಪುಟ.

ಸುಬ್ರಹ್ಮಣ್ಯ ಓದಿ ಕನ್ನಡಕ ತೆಗೆದ. “ಜಗತ್ತಿನಲ್ಲಿ ಬಡತನ ಯಾಕೆ ಹೋಗಲ್ಲ ಅಂತ ದೊಡ್ಡ ದೊಡ್ಡವರು ಇಷ್ಟಿಷ್ಟು ದಪ್ಪ ಪುಸ್ತಕ ಬರೆದಿದ್ದಾರೆ ಕಾಮಾಕ್ಷಿ. ನೀನು ಐದು ಪುಟದಲ್ಲಿ ಮುಗಿಸ್ತೀಯಾ?”

“ಮುಗಿಸ್ತೀನಿ ಕಣ್ರೀ. ಪುಸ್ತಕ ಬರೆದೋರು ಒಬ್ಬರಾದ್ರೂ ತಲಾಟಿ ಹತ್ರ ಹೋಗಿ ಕೂತಿರ್ತಾರಾ? ಹೋಗಿದ್ರೆ ಅವರಿಗೂ ಐದೇ ಪುಟ ಸಾಕಾಗ್ತಿತ್ತು.”

ಮಾರನೆಯ ದಿನ ಕಾಲೋನಿಯ ಗೇಟು ದಾಟಿ ಒಂದೂವರೆ ಮೈಲಿ ನಡೆದು ಹಳ್ಳಿಯ ಪಂಚಾಯ್ತಿ ಕಟ್ಟೆಗೆ ಹೋದಳು. ತಲಾಟಿಯ ಹೆಸರು ಜಯಂತಿಭಾಯಿ. ಜಯಂತಿ ಅಂದರೆ ಹೆಂಗಸು ಅಂದುಕೊಂಡು ಹೋದರೆ ಮೋಸ. ಗುಜರಾತಿನಲ್ಲಿ ಮೀಸೆ ಇರುವ ಜಯಂತಿಗಳೇ ಜಾಸ್ತಿ. ಈ ಜಯಂತಿಗೆ ಮೀಸೆಯ ಜೊತೆ ವಿನಯವೂ ವಿಪರೀತ ಇತ್ತು. ಕುರ್ಚಿ ಒರೆಸಿ ಕೂರಿಸಿದ, ಚಾ ತರಿಸಿದ, ಬೇಡ ಅಂದರೂ ಕೈಗಿಟ್ಟ. ಜಗಳಕ್ಕೆ ಬಂದವರಿಗೆ ಇಂಥ ಮರ್ಯಾದೆ ಮಾಡುವವರನ್ನು ಕಂಡರೆ ಕಾಮಾಕ್ಷಿಗೆ ಇನ್ನಷ್ಟು ರೇಗುತ್ತಿತ್ತು.

ಅವನು ಫೈಲು ಬಿಚ್ಚಿ ಶಾಂತಾಳ ಮನೆಯ ಹಾಳೆ ತೆಗೆದು ಬೆರಳಿಟ್ಟು ಓದಿದ. “ಟಿವಿ, ಇಲ್ಲ. ಫ್ರಿಜ್, ಇಲ್ಲ. ಸ್ಕೂಟರ್, ಇಲ್ಲ. ಜಮೀನು, ಇಲ್ಲ. ಸೀಲಿಂಗ್ ಫ್ಯಾನ್...” ಅಂತ ತಲೆಯೆತ್ತಿದ. “ಇದೆ.”

“ಇದ್ದರೆ?”

“ಫ್ಯಾನ್ ಇರುವ ಮನೆ ಬಡವರ ಮನೆ ಅಲ್ಲ ಬೆನ್. ನಾನು ಮಾಡಿದ್ದಲ್ಲ, ಮೇಲಿಂದ ಬಂದ ನಿಯಮ.”

ಕಾಮಾಕ್ಷಿಗೆ ಬಂದ ಸಿಟ್ಟು ಥಟ್ಟನೆ ದಿಕ್ಕು ಬದಲಿಸಿತು. ಎಲಾ ಇವಳಾ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ತಿನ್ನುವುದಕ್ಕೆ ಇಲ್ಲ, ತಲೆಯ ಮೇಲೆ ಗಾಳಿ ಬೇಕು! ಚಾ ಅರ್ಧಕ್ಕೆ ಬಿಟ್ಟು ಎದ್ದವಳು ದಾರಿ ಕೇಳಿಕೊಂಡು ಸೀದಾ ಶಾಂತಾಳ ಮನೆಗೇ ನಡೆದಳು. ಕೆಲಸಕ್ಕೆ ಸೇರಿಸಿಕೊಂಡು ಆರು ವರ್ಷವಾಗಿತ್ತು. ಆ ಮನೆಯ ಬಾಗಿಲು ತುಳಿದದ್ದು ಅವತ್ತೇ ಮೊದಲು.

ಬಾಗಿಲು ಅಂದರೆ ಗೋಣಿಯ ಪರದೆ. ಒಳಗೆ ಒಂದು ಮಂಚ, ಮಂಚದ ಮೇಲೆ ಗಂಡ. ನೆಲದ ಮೇಲೆ ಮುದುಕಿ. ಶಾಂತಾ ಗಾಬರಿಬಿದ್ದು ಸೆರಗಿನಿಂದ ನೆಲ ಒರೆಸಿ ಕೂರಿ ಅಂದಳು.

“ಕೂರಕ್ಕೆ ಬಂದಿಲ್ಲ. ಎಲ್ಲಿ ಆ ಫ್ಯಾನು?”

ಶಾಂತಾ ಮಂಚದ ಕೆಳಗೆ ಕೈ ಹಾಕಿ ಒಂದು ಗೋಣಿಚೀಲ ಎಳೆದು ಬಾಯಿ ಬಿಚ್ಚಿದಳು. ಕೆನೆಬಣ್ಣದ ಹಳೆಯ ಫ್ಯಾನು. ಒಂದು ರೆಕ್ಕೆ ಸೊಟ್ಟ. ಆ ಸೊಟ್ಟ ಕಾಮಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ಸಿಂಚನಾ ಮನೆಯೊಳಗೆ ಬ್ಯಾಡ್ಮಿಂಟನ್ ಆಡಿ ಮಾಡಿದ ಸೊಟ್ಟ ಅದು.

“ನೀವೇ ಕೊಟ್ಟದ್ದಲ್ಲವಾ ಬೆನ್, ದೀಪಾವಳಿಗೆ,” ಅಂದಳು ಶಾಂತಾ.

ಹೌದು, ಕೊಟ್ಟಿದ್ದಳು. ಕಂಪನಿಯವರು ಕ್ವಾರ್ಟರ್ಸಿಗೆಲ್ಲ ಹೊಸ ಫ್ಯಾನು ಹಾಕಿದಾಗ ತನ್ನ ಸ್ವಂತದ ಹಳೆಯ ಫ್ಯಾನನ್ನು ಗುಜರಿಗೆ ಹಾಕದೆ ಶಾಂತಾಳಿಗೆ ಕೊಟ್ಟಿದ್ದಳು. ಕೊಟ್ಟದ್ದನ್ನು ನಾಲ್ಕು ಮನೆಯಲ್ಲಿ ಹೇಳಿಕೊಂಡೂ ಇದ್ದಳು. ಪಾಪ, ಸೆಕೆಯಲ್ಲಿ ಮಕ್ಕಳು ಬೇಯ್ತವೆ, ಅಂತ.

“ಮತ್ತೆ ಹಾಕಿಸದೆ ಚೀಲದಲ್ಲಿ ಯಾಕೆ ಇಟ್ಟಿದ್ದೀಯಾ?”

ಮೂಲೆಯ ಮುದುಕಿ ಹಲ್ಲಿಲ್ಲದ ಬಾಯಲ್ಲಿ ಕಿಸಕ್ಕನೆ ನಕ್ಕಳು. ಕಾಮಾಕ್ಷಿ ತಲೆಯೆತ್ತಿ ನೋಡಿದಳು. ಮೇಲೆ ತಗಡು, ತಗಡಿನ ಮೇಲೆ ತಾಳೆಗರಿ. ಒಂದು ವೈರಿಲ್ಲ, ಒಂದು ಬಲ್ಬಿಲ್ಲ.

“ಕರೆಂಟ್ ಇಲ್ಲ ಬೆನ್.”

“ಇಲ್ಲ ಅಂತ ಬಾಯಿ ಬಿಟ್ಟು ಹೇಳಬಾರದಾಗಿತ್ತೇನೇ ಆವಾಗ್ಲೇ?”

“ಅಷ್ಟು ಪ್ರೀತಿಯಿಂದ ಕೊಟ್ಟಿರಿ. ಬೇಡ ಅಂದಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದಿರಿ. ದೊಡ್ಡವಳ ಮದುವೆಗೆ ಆಗುತ್ತದೆ ಅಂತ ಇಟ್ಟುಕೊಂಡೆ.”

ಸಿಟ್ಟು ಮಾಡಿಕೊಳ್ಳುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಕರೆಂಟಿಲ್ಲದ ಮನೆಗೆ ಯಾರಾದರೂ ಫ್ಯಾನು ಕೊಡುತ್ತಾರಾ ಅಂತ ಲೋಕದಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ. ಕಾಮಾಕ್ಷಿ ಕೊಟ್ಟಿದ್ದಳು, ಕೊಡುವ ಮುಂಚೆ ಒಂದು ಮಾತು ಕೇಳಿರಲಿಲ್ಲ. ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು. ಆ ಬಿಸಿಯಲ್ಲೇ ಮತ್ತೆ ಪಂಚಾಯ್ತಿಗೆ ಬಂದಳು.

“ಜಯಂತಿಭಾಯಿ, ಆ ಮನೆಯಲ್ಲಿ ಕರೆಂಟೇ ಇಲ್ಲ! ಫ್ಯಾನು ಚೀಲದಲ್ಲಿದೆ!”

“ಗೊತ್ತು ಬೆನ್. ನಾನೇ ಹೋಗಿ ನೋಡಿದ್ದೆನಲ್ಲ.”

“ನೋಡಿಯೂ ಇದೆ ಅಂತ ಬರೆದ್ರಾ?”

“ಹಾಳೆಯಲ್ಲಿ ಫ್ಯಾನ್ ಇದೆಯಾ ಅಂತ ಕೇಳಿದ್ದಾರೆ. ತಿರುಗುತ್ತಾ ಅಂತ ಕೇಳಿಲ್ಲ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖದಲ್ಲಿ ನಗು ಇರಲಿಲ್ಲ. ತಮಾಷೆ ಮಾಡಿದ್ದರೆ ಎರಡು ಬೈದಾದರೂ ಬರಬಹುದಿತ್ತು.

“ಫ್ಯಾನು ನಂದು. ಈಗಲೇ ವಾಪಸ್ ತಗೊಂಡು ಹೋಗ್ತೀನಿ. ಹಾಳೆಯಿಂದ ಹೊಡೆದುಹಾಕಿ ಅದನ್ನ.”

“ತಗೊಂಡು ಹೋಗಿ ಬೆನ್, ಬೇಡ ಅನ್ನುವವನು ನಾನ್ಯಾರು? ಆದರೆ ಸರ್ವೆ ದಿನ ಇತ್ತು. ಪಟ್ಟಿ ಮೇಲಕ್ಕೆ ಹೋಗಿ ಆಗಿದೆ. ಇನ್ನು ಏನಿದ್ದರೂ ಸೂರತ್ತಿನ ಕಚೇರಿ.”

ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಕಾಮಾಕ್ಷಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಮೂರನೆಯ ಹೆಸರಿನವನ ಎರಡಂತಸ್ತಿನ ಮನೆ ಪಂಚಾಯ್ತಿಯ ಎದುರಿಗೇ ನಿಂತಿತ್ತು, ಮಹಡಿಯ ಮೇಲೆ ಟಿವಿಯ ಆಂಟೆನಾ ಸಮೇತ. ಅದನ್ನು ಬೆರಳು ಮಾಡಿ ತೋರಿಸಿದಳು. “ಅದು ತಮ್ಮನ ಹೆಸರಿನಲ್ಲಿದೆ ಬೆನ್. ಅಣ್ಣ ಹಿತ್ತಲಿನ ಹಳೇ ಮನೆಯಲ್ಲಿರೋದು, ಕಾಗದದ ಪ್ರಕಾರ,” ಅಂದ ಜಯಂತಿಭಾಯಿ. ಇನ್ನೊಂದು ಚಾ ಹೇಳಲೇ ಅಂತಲೂ ಕೇಳಿದ. ಥೂ, ಅವನ ಚಾಗೆ ಬೆಂಕಿ ಬೀಳ ಅಂತ ಬೈದುಕೊಳ್ಳುತ್ತಾ ಅವಳು ಮತ್ತೆ ಶಾಂತಾಳ ಮನೆಗೆ ಹೋಗಿ ಫ್ಯಾನಿನ ಚೀಲವನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದಳು.

ಅಲ್ಲಿಂದ ಶುರುವಾಯಿತು ಸೂರತ್ತಿನ ದಂಡಯಾತ್ರೆ. ಹಜೀರಾದಿಂದ ಬಸ್ಸಿನಲ್ಲಿ ಒಂದು ಗಂಟೆ. ಅಲ್ಲಿಂದ ಷೇರ್ ಆಟೋ. ಮೊದಲನೆಯ ಸಲ ಹೋದಾಗ ಗುಮಾಸ್ತ ಐದು ಪುಟದ ಇಂಗ್ಲಿಷನ್ನು ಅಕ್ಕರೆಯಿಂದ ತಿರುವಿ ನೋಡಿ, “ಬಹಳ ಚೆನ್ನಾಗಿದೆ. ಗುಜರಾತಿಯಲ್ಲಿ ಬರೆಸಿಕೊಂಡು ಬನ್ನಿ,” ಅಂದ. ಎರಡನೆಯ ಸಲ ಗುಜರಾತಿಯಲ್ಲಿ ಬರೆಸಿಕೊಂಡು ಹೋದರೆ ಸಾಹೇಬರು ಪ್ರವಾಸದಲ್ಲಿದ್ದರು. ಮೂರನೆಯ ಸಲ ಸಾಹೇಬರು ಇದ್ದರು, ಆದರೆ ಗುಮಾಸ್ತನಿಗೆ ಹೊಸ ಸಂಶಯ ಹುಟ್ಟಿತ್ತು.

“ನೀವೇನಾ ಶಾಂತಾಬೆನ್?”

“ನನ್ನ ನೋಡಿದ್ರೆ ಹಾಗೆ ಕಾಣ್ತೀನಾ?”

“ಹಾಗಾದರೆ ಅವರನ್ನೇ ಕರೆದುಕೊಂಡು ಬನ್ನಿ. ಬಡವರು ಯಾರೋ ಅವರೇ ಬಂದು ಹೇಳಬೇಕು.”

“ಅವಳು ಬಂದ್ರೆ ಆವತ್ತಿನ ಕೆಲಸ ಹೋಗುತ್ತೆ, ಬೇರೆ ಮನೆಗಳಲ್ಲಿ ಸಂಬಳ ಹಿಡೀತಾರೆ. ಬಡವಳು ಅಂತ ತೋರಿಸೋದಕ್ಕೆ ಇನ್ನಷ್ಟು ಬಡವಳಾಗಬೇಕಾ?”

ಗುಮಾಸ್ತ ಅದಕ್ಕೂ ವಿನಯದಿಂದ ತಲೆಯಾಡಿಸಿದ. ಈ ರಾಜ್ಯದಲ್ಲಿ ಜಗಳವಾಡಲು ಸರಿಯಾದ ಒಬ್ಬ ಮನುಷ್ಯ ಸಿಗುವುದಿಲ್ಲವಲ್ಲ ಅಂತ ಕಾಮಾಕ್ಷಿಗೆ ಅಳುವಷ್ಟು ರೋಸಿಹೋಯಿತು. ಎಲ್ಲರೂ ಒಳ್ಳೆಯವರೇ, ಎಲ್ಲರೂ ಚಾ ಕೊಡುವವರೇ, ಒಬ್ಬರಿಂದಲೂ ಒಂದು ಹಿಡಿ ಗೋಧಿ ಹೊರಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ತೀರ್ಥ ಕೊಡುತ್ತಿದ್ದ, ಮಂಗಳಾರತಿ ಕೊಡುತ್ತಿದ್ದ, ವರ ಒಂದನ್ನು ಬಿಟ್ಟು ಎಲ್ಲ ಕೊಡುತ್ತಿದ್ದ.

ಇದರ ನಡುವೆ ಯುಗಾದಿ ಬಂತು. ಕಾಲೋನಿಯಲ್ಲಿದ್ದ ಹದಿಮೂರು ಕನ್ನಡದ ಮನೆಯವರು ಕಮ್ಯುನಿಟಿ ಹಾಲಿನಲ್ಲಿ ಕೂಡಿ ಊಟ ಮಾಡುವ ಪದ್ಧತಿ. ಐವತ್ತು ಜನ ಉಣ್ಣುವಲ್ಲಿ ನೂರು ಜನಕ್ಕೆ ಅಡುಗೆಯಾಗಿತ್ತು. ಯಾರ ಲೆಕ್ಕ ತಪ್ಪಿತೋ ದೇವರೇ ಬಲ್ಲ. ಪುಳಿಯೋಗರೆ ಒಂದು ಕೊಳದಪ್ಪಲೆ ತುಂಬ ಉಳಿಯಿತು, ಒಬ್ಬಟ್ಟು ಒಂದು ಬುಟ್ಟಿ. ಕಾಮಾಕ್ಷಿ ಎರಡನ್ನೂ ಆಟೋಗೆ ಹೇರಿಸಿ ಹಳ್ಳಿಯ ಕಡೆ ಹೊರಟಳು. ಗೇಟಿನಲ್ಲಿ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ.

“ಗೇಟ್ ಪಾಸ್, ಮೇಡಂ?”

“ಪುಳಿಯೋಗರೆಗೆ ಗೇಟ್ ಪಾಸಾ?”

“ಕಾಲೋನಿಯಿಂದ ಯಾವ ಸಾಮಾನು ಹೊರಗೆ ಹೋದರೂ ಪಾಸ್ ಬೇಕು. ಸಹಿ ಹಾಕುವ ಸಾಹೇಬರು ಇವತ್ತು ರಜೆ. ಹಬ್ಬ ಅಲ್ಲವಾ.”

“ಕೈಯಲ್ಲಿ ಚಪಾತಿ ಕಟ್ಟಿಕೊಟ್ಟಾಗ ಬಿಡ್ತೀರಲ್ಲ?”

“ಅದು ಟಿಫಿನ್. ಇದು ಪಾತ್ರೆ.”

ಒಂದೂವರೆ ಗಂಟೆ ಕಾದದ್ದಾಯಿತು, ಕೂಗಾಡಿದ್ದಾಯಿತು, ಸುಬ್ರಹ್ಮಣ್ಯ ಫೋನು ಮಾಡಿದ್ದಾಯಿತು. ಮಧ್ಯಾಹ್ನದ ಆ ಬಿಸಿಲಿಗೆ ಪುಳಿಯೋಗರೆ ವಾಸನೆ ತಿರುಗಿತು. ಕೊನೆಗೆ ಕಾಲೋನಿಯ ತೋಟದವನು ಗುಂಡಿ ತೋಡಿ ಎಲ್ಲವನ್ನೂ ಸುರಿದ. ಒಬ್ಬಟ್ಟು ಕೆಟ್ಟಿರಲಿಲ್ಲ, ಅದನ್ನು ಕಾಮಾಕ್ಷಿ ವ್ಯಾನಿಟಿ ಬ್ಯಾಗಿನಲ್ಲಿ, ಸೆರಗಿನಡಿಯಲ್ಲಿ ತುರುಕಿಕೊಂಡು ಗೇಟು ದಾಟಿದಳು. ಮೂರು ಹುಡುಗಿಯರಿಗೆ ಹಬ್ಬ ಅಂತ ಆದದ್ದು ಅಷ್ಟೇ.

“ಅನ್ನ ಇದೆ, ಹಸಿದೋರು ಇದ್ದಾರೆ, ತಗೊಂಡು ಹೋಗೋಕೆ ನಾನಿದ್ದೀನಿ. ಮಧ್ಯೆ ಏನ್ರೀ ಇದು?” ಅಂತ ಅವಳು ಗಂಡನ ಮೇಲೆ ರೇಗಿದಳು. ಅವನು ಪತ್ರಿಕೆಯಿಂದ ತಲೆಯೆತ್ತದೆ “ನಿನ್ನ ಅರ್ಜಿಯಲ್ಲಿ ಅದನ್ನೂ ಸೇರಿಸು,” ಅಂದ.

ಏಪ್ರಿಲಿನಲ್ಲಿ ನಾಲ್ಕನೆಯ ಸಲ ಹೊರಟಾಗ ಶಾಂತಾಳನ್ನು ಜೊತೆಗೆ ಕರೆದುಕೊಂಡಳು. ಶಾಂತಾ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. “ಅಯ್ಯೋ ಪೆದ್ದಿ, ಇದನ್ನ ಉಟ್ಟರೆ ಅವರು ಇನ್ನೊಂದು ಕಲಮು ತೆಗೀತಾರೆ,” ಅಂತ ಕಾಮಾಕ್ಷಿ ಅವಳನ್ನು ವಾಪಸ್ ಕಳಿಸಿ ಕೆಲಸದ ಸೀರೆ ಉಡಿಸಿಯೇ ಬಸ್ಸು ಹತ್ತಿಸಿದಳು.

ಸಾಹೇಬರ ಕೋಣೆಯಲ್ಲಿ ಕಡತಗಳು ಕಿಟಕಿಯ ಎತ್ತರಕ್ಕೆ ಬಂದಿದ್ದವು. ಸಾಹೇಬರಿಗೆ ಐವತ್ತೈದರ ಮೇಲಿನ ವಯಸ್ಸು, ಕನ್ನಡಕ ಹಣೆಯ ಮೇಲೆ, ಕಣ್ಣಲ್ಲಿ ನಿದ್ದೆಗೆಟ್ಟ ಆಯಾಸ. ಗುಜರಾತಿ ಅರ್ಜಿಯನ್ನು ಅವರು ಮೊದಲಿನಿಂದ ಕೊನೆಯವರೆಗೂ ಓದಿದರು. ಅಷ್ಟು ದಿನದಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ.

“ಫ್ಯಾನನ್ನು ನಾನು ತೆಗೆಯಲಾರೆ ಬೆನ್,” ಅಂದರು ಹಿಂದಿಯಲ್ಲಿ. “ಬರೆದದ್ದನ್ನು ಹೊಡೆದುಹಾಕುವ ಅಧಿಕಾರ ನನಗಿಲ್ಲ.”

ಕಾಮಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸದ್ಯ, ಇಲ್ಲಾದರೂ ಒಂದು ಜಗಳ ಆಗುತ್ತದೆ ಅಂತ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಕೈಯೆತ್ತಿದರು. “ಆದರೆ ಸೇರಿಸುವ ಅಧಿಕಾರ ಇದೆ. ಇವರ ಆದಾಯಕ್ಕೆ ಕಾಗದವೇ ಇಲ್ಲ, ಅದಕ್ಕೇ ಬರೀ ಫ್ಯಾನ್ ನೋಡಿದ್ದಾರೆ. ಕೆಲಸ ಕೊಟ್ಟವರು ಎಷ್ಟು ಸಂಬಳ ಅಂತ ಬರೆದುಕೊಟ್ಟರೆ ನಾನು ಮತ್ತೆ ಪರಿಶೀಲನೆಗೆ ಹಾಕಬಹುದು. ಯಾರು ಕೆಲಸ ಕೊಟ್ಟವರು?”

“ನಾನೇ! ಇಷ್ಟೇನಾ? ಇದನ್ನ ಮೊದಲೇ ಹೇಳೋದಕ್ಕೆ ಏನಾಗಿತ್ತು ನಿಮ್ಮ ಜನಕ್ಕೆ? ಕೊಡಿ ಕಾಗದ.”

ಪೆನ್ನು ಅವಳದೇ ಇತ್ತು. ನಿಂತುಕೊಂಡೇ ಮೇಜಿನ ಅಂಚಿಗೆ ಹಾಳೆ ಇಟ್ಟು ಸರಸರ ಬರೆದಳು. ಶ್ರೀಮತಿ ಶಾಂತಾಬೆನ್ ಎಂಬುವರು ೧೯೯೨ರಿಂದ ನಮ್ಮ ಮನೆಯಲ್ಲಿ ಪಾತ್ರೆ, ಬಟ್ಟೆ, ನೆಲ ಒರೆಸುವ ಕೆಲಸ ದಿನಕ್ಕೆ ಎರಡು ಹೊತ್ತು ಮಾಡುತ್ತಿದ್ದು, ಇವರಿಗೆ ನಾನು ಕೊಡುತ್ತಿರುವ ಮಾಸಿಕ ಸಂಬಳ ರೂಪಾಯಿ...

ಪೆನ್ನು ನಿಂತಿತು.

ಗೊತ್ತಿಲ್ಲದ ಅಂಕಿಯೇನಲ್ಲ. ತಿಂಗಳ ಮೊದಲ ತಾರೀಕು ತಾನೇ ಕೈಯಾರೆ ಕೊಡುತ್ತಿದ್ದ ದುಡ್ಡು. ಆದರೆ ಅದನ್ನು ಕಾಗದದ ಮೇಲೆ, ತನ್ನದೇ ದುಂಡನೆಯ ಅಕ್ಷರದಲ್ಲಿ ಅವಳು ಎಂದೂ ನೋಡಿರಲಿಲ್ಲ. ದೀಪಾವಳಿಗೆ ಕೊಟ್ಟ ಸೀರೆಯನ್ನೂ ಸೇರಿಸಬಹುದಾ ಅಂತ ಒಂದು ಗಳಿಗೆ ಯೋಚಿಸಿದಳು. ಹಳೆಯ ಬಟ್ಟೆ, ಉಳಿದ ಸಾರು, ಆ ಫ್ಯಾನು... ಛೆ, ಫ್ಯಾನಿನ ಮಾತೇ ಬೇಡ.

“ಎಷ್ಟು ಬೆನ್?” ಅಂದರು ಸಾಹೇಬರು.

ಅವಳು ಬರೆದಳು. ಅಂಕಿಯ ಮುಂದೆ ಅಕ್ಷರದಲ್ಲೂ ಬರೆಯಬೇಕು, ಕೊನೆಗೆ ‘ಮಾತ್ರ’ ಅಂತ ಸೇರಿಸಬೇಕು ಅಂತ ಹೆಡ್‌ಮಾಸ್ಟರು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದರು. ನೂರೈವತ್ತು ರೂಪಾಯಿ ಮಾತ್ರ.

ಸಾಹೇಬರು ಹಣೆಯ ಮೇಲಿನ ಕನ್ನಡಕ ಕೆಳಗಿಳಿಸಿ ನೋಡಿದರು. “ಇದು ತಿಂಗಳಿಗಾ?”

“ತಿಂಗಳಿಗೆ.”

“ಇನ್ನೂ ಎರಡು ಮನೆ ಮಾಡ್ತೀನಿ ಸಾಹೇಬ್, ಅಲ್ಲೂ ಇಷ್ಟೇ,” ಅಂದಳು ಶಾಂತಾ ಹಿಂದಿನಿಂದ.

“ಮನೆಯಲ್ಲಿ ಆರು ಜನ. ಗಂಡನ ದುಡಿಮೆ ಇಲ್ಲ.” ಅವರು ಕಡತದ ಅಂಚಿನಲ್ಲಿ ಏನೋ ಬರೆದು ಗುಮಾಸ್ತನನ್ನು ಕೂಗಿ ಸೀಲು ತರಿಸಿದರು. “ಸಾಕು ಬೆನ್, ಹೆಸರು ಪಟ್ಟಿಗೆ ಸೇರಿಸಿದ್ದೇನೆ. ಈ ಕಾಗದದ ಮುಂದೆ ಫ್ಯಾನ್ ನಿಲ್ಲಲ್ಲ. ಇದಕ್ಕಿಂತ ದೊಡ್ಡ ಪುರಾವೆ ಬೇಕಾಗಿಲ್ಲ. ಮೊದಲನೇ ದಿನವೇ ಇದೊಂದನ್ನು ತಂದಿದ್ದರೆ ನಿಮಗೆ ಇಷ್ಟು ಓಡಾಟ ತಪ್ಪುತ್ತಿತ್ತು.”

ಚುಚ್ಚಿ ಆಡಿದ ಮಾತಲ್ಲ ಅದು. ಅವರ ಧ್ವನಿಯಲ್ಲಿ ಉಪಕಾರ ಮಾಡಿದ ಸಮಾಧಾನ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಯಾರೂ ಕೇಳದಿದ್ದರೂ ಕಾಮಾಕ್ಷಿಯ ಬಾಯಿಂದ ಮಾತು ಹೊರಬಿತ್ತು. “ನಮ್ಮ ಕಾಲೋನಿಯಲ್ಲಿ ಎಲ್ಲರೂ ಅಷ್ಟೇ ಕೊಡೋದು.”

“ಗೊತ್ತು ಬೆನ್,” ಅಂದರು ಸಾಹೇಬರು, ಸೀಲು ಒತ್ತುತ್ತಾ. “ನಮ್ಮ ಮನೆಯಲ್ಲೂ ಅಷ್ಟೇ.”

ವಾಪಸ್ ಬರುವ ಬಸ್ಸಿನಲ್ಲಿ ಶಾಂತಾ ಸೀಲು ಬಿದ್ದ ಕಾಗದದ ಪ್ರತಿಯನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಂಡು, ಮತ್ತೆ ತೆಗೆದು ನೋಡಿ, ಮತ್ತೆ ಇಟ್ಟುಕೊಳ್ಳುತ್ತಿದ್ದಳು. ಬರುವ ತಿಂಗಳಿಂದ ಅರ್ಧ ಬೆಲೆಗೆ ಗೋಧಿ. ಎರಡು ಹೊತ್ತು ಒಲೆ. ಅವಳ ಮುಖ ಅರಳಿತ್ತು. ಕಾಮಾಕ್ಷಿ ಗೆದ್ದಿದ್ದಳು, ಬೇರೆ ದಿನವಾಗಿದ್ದರೆ ಬಸ್ಸಿನವರಿಗೆಲ್ಲ ಕೇಳುವಂತೆ ಕಥೆ ಹೇಳುತ್ತಿದ್ದಳು. ಇವತ್ತು ಕಿಟಕಿಯ ಕಂಬಿ ಹಿಡಿದು ಸುಮ್ಮನೆ ಕೂತಿದ್ದಳು.

ನೂರೈವತ್ತು ಅನ್ನುವುದು ಕಾಲೋನಿ ರೇಟು. ಕೆಲಸದವರು ಒಂದು ಮನೆ ತೋರಿಸಿ ಇನ್ನೊಂದು ಮನೆಯಲ್ಲಿ ಜಾಸ್ತಿ ಕೇಳುತ್ತಾರೆ, ಒಬ್ಬರು ಏರಿಸಿದರೆ ಎಲ್ಲರಿಗೂ ಕಷ್ಟ ಅಂತ ನಾಲ್ಕು ವರ್ಷದ ಹಿಂದೆ ಮಹಿಳಾ ಮಂಡಳದಲ್ಲಿ ಹೆಂಗಸರೆಲ್ಲ ಕೂತು ನಿಗದಿ ಮಾಡಿದ್ದು. ಯಾರೂ ಇದಕ್ಕಿಂತ ಹೆಚ್ಚು ಕೊಟ್ಟು ರೇಟು ಕೆಡಿಸಬಾರದು ಅಂತ ಮನೆಮನೆಗೆ ಹಂಚಿದ ನೋಟೀಸು ಬರೆದವಳು ಕಾಮಾಕ್ಷಿಯೇ. ಇಂಗ್ಲಿಷು ಚೆನ್ನಾಗಿ ಬರುವವಳು ಇನ್ನಾರಿದ್ದರು? ಬೇರೆಯವರ ಎಲೆಯ ನೊಣ ಹುಡುಕಲು ಊರೆಲ್ಲ ಅಲೆದದ್ದೂ ಅಲೆದದ್ದೇ, ತನ್ನ ಎಲೆಯಲ್ಲಿ ಸತ್ತು ಬಿದ್ದಿದ್ದ ಕತ್ತೆ ಇಷ್ಟು ದಿನ ಕಾಣಲಿಲ್ಲವಲ್ಲ ಅಂತ ಅವಳಿಗೆ ಅನ್ನಿಸಿತು.

“ಶಾಂತಾ, ಬರೋ ತಿಂಗಳಿಂದ ನಿನಗೆ ಮುನ್ನೂರು ಕೊಡ್ತೀನಿ.”

ಶಾಂತಾಳ ಮುಖದ ನಗು ಹಾರಿಹೋಯಿತು. “ಬೇಡ ಬೆನ್! ಕಾರ್ಡು ಹೋಗುತ್ತದೆ!”

“ಅಯ್ಯೋ ನಿನ್ನ ಕಾರ್ಡು ಸೇದಿಹೋಗ! ದುಡ್ಡು ಕೊಡ್ತೀನಿ ಅಂದ್ರೆ ಬೇಡ ಅಂತೀಯಲ್ಲೇ!”

“ಈಗ ತಾನೇ ನೂರೈವತ್ತು ಅಂತ ಬರೆದುಕೊಟ್ಟಿದ್ದೀರಿ. ನಾಳೆ ಯಾರಾದರೂ ಕೇಳಿಕೊಂಡು ಬಂದರೆ?”

“ಯಾರಿಗೂ ಹೇಳಲ್ಲ. ಕೈಯಲ್ಲಿ ಕೊಡ್ತೀನಿ, ಕಾಗದದಲ್ಲಿ ಬರೆಯಲ್ಲ. ಆಯ್ತಾ?”

ಶಾಂತಾ ಕಾಗದವನ್ನು ರವಿಕೆಯೊಳಗೆ ತುರುಕಿಕೊಂಡಳು. ಆಮೇಲೆ ಕಾಮಾಕ್ಷಿಯ ಕಡೆ ತಿರುಗಿ, ಹೆದರಿಕೆಯಿಲ್ಲದೆ, ಆರು ವರ್ಷದಲ್ಲಿ ಮೊದಲ ಸಲ ಏನನ್ನೋ ಬಾಯಿಬಿಟ್ಟು ಕೇಳಿದಳು. “ಮಿಕ್ಕ ಎರಡು ಮನೆಯ ಬೆನ್‌ಗಳಿಗೂ ಒಂದು ಮಾತು ಹೇಳ್ತೀರಾ? ನೀವು ಹೇಳಿದರೆ ಕೇಳುತ್ತಾರೆ. ಮೂರು ಮನೆಯವರೂ ಮುನ್ನೂರು ಕೊಟ್ಟರೆ ನನಗೆ ಈ ಕಾರ್ಡೇ ಬೇಡ.”

ಮಿಕ್ಕ ಎರಡು ಮನೆ ಅಂದರೆ ಸುಮಿತ್ರಾ ಮತ್ತು ವಿಂಧ್ಯಾ. ಒಬ್ಬಳು ಪಕ್ಕದ ಕ್ವಾರ್ಟರ್ಸ್, ಒಬ್ಬಳು ಮೇಲಿನ ಮಹಡಿ. ಜೊತೆಯಲ್ಲಿ ಹಪ್ಪಳ ಒತ್ತುವವರು, ಸಿಂಚನಾಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುವವರು. ಅವರ ಮುಂದೆ ಹೋಗಿ ಇದನ್ನು ಹೇಳುವುದು! ಸುಮಿತ್ರಾ ಏನನ್ನುತ್ತಾಳೆ ಅನ್ನುವುದು ಕಾಮಾಕ್ಷಿಗೆ ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು: ನೋಟೀಸು ಬರೆದೋರೇ ರೇಟು ಕೆಡಿಸಿದ್ರೆ ಹೆಂಗೆ ಕಾಮಾಕ್ಷಿ? ತಲಾಟಿಯ ಮುಂದೆ, ಗುಮಾಸ್ತನ ಮುಂದೆ, ಗೇಟಿನವನ ಮುಂದೆ ಒಂದು ಗಳಿಗೆ ಮುಚ್ಚದಿದ್ದ ಅವಳ ಬಾಯಿ ಈಗ ತೆರೆಯಲೊಲ್ಲದು.

ಶಾಂತಾ ಅವಳ ಮುಖವನ್ನೇ ನೋಡುತ್ತಿದ್ದಳು. ಕಾಲೋನಿಯ ಮುಖಗಳನ್ನು ಓದುವುದು ಅವಳಿಗೆ ಹೊಸದಲ್ಲ.

“ಬೇಡ ಬಿಡಿ ಬೆನ್,” ಅಂದಳು ಮೆಲ್ಲಗೆ. “ಕಾರ್ಡು ಬಂತಲ್ಲ.”

ಕಾಮಾಕ್ಷಿಗೆ ಎದೆಯ ಮೇಲಿನ ಕಲ್ಲು ಇಳಿದಂತೆ ಹಾಯೆನಿಸಿತು. ಹಾಯೆನಿಸಿತಲ್ಲ ಅಂತ ಗೊತ್ತಾದ ಕೂಡಲೇ ಅವಳಿಗೆ ತನ್ನ ಮೇಲೆ ಬಂದ ಹೇಸಿಗೆ, ಆ ಜಯಂತಿಭಾಯಿಯ ಮೇಲೂ ಬಂದಿರಲಿಲ್ಲ.

ಆ ಶನಿವಾರ ಸುಮಿತ್ರಾಳ ಮನೆಯಲ್ಲಿ ಮಂಡಳದ ಸಭೆ ಇತ್ತು. ಕಾಮಾಕ್ಷಿ ಹೋದಳು. ಖಾರದವಲಕ್ಕಿ ತಿಂದಳು, ಸೂರತ್ತಿನ ಕಚೇರಿಯ ಕಥೆ ಹೇಳಿದಳು, ಫ್ಯಾನಿನ ಭಾಗ ಬಂದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಾಗದದಲ್ಲಿ ಬರೆದ ಅಂಕಿಯ ಸುದ್ದಿ ಅವಳು ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ. ಮೊದಲ ತಾರೀಕು ಬಂದಾಗ ಅಡುಗೆಮನೆಯ ಬಾಗಿಲು ಹಾಕಿ, ಪಕ್ಕದ ಮನೆಗೆ ಕಾಣುವ ಕಿಟಕಿಯನ್ನೂ ಹಾಕಿ, ಶಾಂತಾಳ ಕೈಗೆ ನೂರರ ಮೂರು ನೋಟು ಇಟ್ಟಳು, ಕಳ್ಳರ ಹಾಗೆ. ಶಾಂತಾನೂ ಕಳ್ಳರ ಹಾಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸುಮಿತ್ರಾಬೆನ್ ಮನೆಯ ಪಾತ್ರೆ ತೊಳೆಯಲು ಹೋದಳು.